ಬಿಸಿ ರೊಟ್ಟಿ ಏನ್ರಿ, ಕಡಕ ರೊಟ್ಟಿ?

ಕೈ ತೊಳೆದು ಬಂದು ಬಾಕಿನ ಮೇಲೆ ಕೂತ ಗಿರಾಕಿಗೆ ಯಾರೂ ಮೆನು ಕಾರ್ಡು ಕೊಡುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತಾರೆ: ‘ಬಿಸಿ ರೊಟ್ಟಿ ಏನ್ರಿ, ಕಡಕ ರೊಟ್ಟಿ?’ ಉತ್ತರ ಬಾಯಿಂದ ಹೊರಡುವಷ್ಟರಲ್ಲಿ ಸ್ಟೀಲಿನ ತಾಟು ಎದುರಿಗಿರುತ್ತದೆ. ಒಂದು ಕಡೆ ಎಣಗಾಯಿ ಪಲ್ಯ, ಅದರ ಮಗ್ಗುಲಿಗೆ ಮಡಿಕೆ ಕಾಳೋ ಹೆಸರು ಕಾಳೋ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಗಟ್ಟಿದ ಮೊಸರು, ಸೀಳಿದ ಉಳ್ಳಾಗಡ್ಡಿ, ತೊಳೆದ ಹಸಿ ಮೆಂತ್ಯಸೊಪ್ಪಿನ ಒಂದು ಹಿಡಿ. ಇಂದು ಯಾವ ಪಲ್ಯ ಎನ್ನುವುದನ್ನು ಗಿರಾಕಿಯೂ ಮಾಲೀಕನೂ ನಿರ್ಧರಿಸಿಲ್ಲ. ನಿನ್ನೆಯ ಸಂತೆ ನಿರ್ಧರಿಸಿದೆ.

ಇದು ಖಾನಾವಳಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ‘ಹೋಟೆಲ್’ ಎಂದರೆ ಚಹಾ, ಮಿರ್ಚಿ ಭಜಿ, ಚುರುಮರಿ ಸಿಗುವ ಜಾಗ. ಹೊಟ್ಟೆ ತುಂಬ ಉಣ್ಣಬೇಕಾದವರು ಖಾನಾವಳಿ ಎಲ್ಲಿದೆ ಎಂದು ಕೇಳುತ್ತಾರೆ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಿನವರಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಿಲ್ಲ. ಕೋರ್ಟಿನ ತಾರೀಖಿಗೆ, ತಹಶೀಲ್ದಾರ್ ಕಚೇರಿಯ ಉತಾರಿಗೆ, ಬೀಜ ಗೊಬ್ಬರಕ್ಕೆ ಪೇಟೆಗೆ ಹೋದ ದಿನ ಮಧ್ಯಾಹ್ನ ಒಂದು ಗಂಟೆಗೆ ಅವರ ಕಾಲು ತಾನೇ ಅತ್ತ ತಿರುಗುತ್ತದೆ.

ದೊಡ್ಡ ಊರುಗಳ ತಾರಾ ಹೋಟೆಲುಗಳಲ್ಲಿ ಈಗ ‘ಹೊಲದಿಂದ ನೇರ ತಾಟಿಗೆ’ ಎಂಬ ಮಾತಿಗೆ ಒಳ್ಳೆಯ ಬೆಲೆ ಬಂದಿದೆ. ಯುರೋಪಿನಲ್ಲಿ ಹಳ್ಳಿಗಾಡಿನ ಹಳೆಯ ಪ್ರವಾಸಿ ಮನೆಗಳು ಇದೇ ಮಾತಿನ ಮೇಲೆ ಹೆಸರು ಮಾಡಿವೆ. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಸಣ್ಣ ರೈತರ ಒಂದು ಹಳೆಯ ಮನೆಯಲ್ಲಿ 1985ರಲ್ಲಿ ಶುರುವಾದ ‘ತ್ರೀ ಚಿಮ್ನೀಸ್’ ಎಂಬ ಊಟದ ಮನೆ ಸುತ್ತಲಿನ ಕಡಲಿನ ಮೀನು, ಏಡಿ ಮತ್ತು ಅಲ್ಲಿನ ಹೊಲದ ಬೆಳೆಯನ್ನೇ ಬಡಿಸಿ ಲೋಕಪ್ರಸಿದ್ಧವಾಯಿತು. ಅಂಥ ಕಡೆ ಊಟಕ್ಕೆ ತಿಂಗಳುಗಟ್ಟಲೆ ಮೊದಲೇ ಜಾಗ ಕಾಯ್ದಿರಿಸುವವರಿದ್ದಾರೆ. ನಮ್ಮ ಖಾನಾವಳಿಯಲ್ಲಿ ಕಾಯುವುದೇನಿದ್ದರೂ ಎದುರಿಗೆ ಕೂತವನು ಮಜ್ಜಿಗೆ ಕುಡಿದು ಏಳುವವರೆಗೆ. ಆದರೆ ಅಲ್ಲಿ ಯೋಚಿಸಿ ಆಯ್ದುಕೊಂಡ ತತ್ತ್ವವಾಗಿರುವ ‘ಸ್ಥಳೀಯ’ ಎನ್ನುವುದು ಇಲ್ಲಿ ಆಯ್ಕೆಯೇ ಆಗಿರಲಿಲ್ಲ. ಜೋಳದ ಹಿಟ್ಟಿನ ಗುಣವೇ ಅದನ್ನು ವಿಧಿಸಿದೆ.

ಗೋಧಿ ಹಿಟ್ಟಿನಲ್ಲಿ ನಾದಿದಷ್ಟೂ ಎಳೆಎಳೆಯಾಗಿ ಹಿಡಿದುಕೊಳ್ಳುವ ಗ್ಲುಟನ್ ಎಂಬ ಅಂಶವಿದೆ. ಜೋಳದಲ್ಲಿ ಅದಿಲ್ಲ. ತಣ್ಣೀರು ಹಾಕಿ ಕಲಸಿದರೆ ಹಿಟ್ಟು ಮಣ್ಣಿನಂತೆ ಬಿರಿಯುತ್ತದೆ. ಅದಕ್ಕೇ ಎಸರು. ಕುದಿಯುವ ನೀರು ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ ಅಂಟು ಬರಿಸುತ್ತದೆ. ಆ ಅಂಟಿಗೆ ಇಲ್ಲಿಯ ಹೆಂಗಸರು ‘ಜಿಗಿ’ ಎನ್ನುತ್ತಾರೆ. ಹೊಸದಾಗಿ ಬೀಸಿದ ಹಿಟ್ಟಿಗೆ ಜಿಗಿ ಚೆನ್ನಾಗಿರುತ್ತದೆ, ಹಳೆಯದಾದಂತೆ ಇಳಿಯುತ್ತದೆ, ರುಚಿಯೂ ಕಹಿಗೆ ತಿರುಗುತ್ತದೆ. ಹಾಗಾಗಿ ಖಾನಾವಳಿಗೆ ಹಿಟ್ಟಿನ ದೊಡ್ಡ ದಾಸ್ತಾನು ಇಟ್ಟುಕೊಳ್ಳುವ ಅನುಕೂಲವಿಲ್ಲ. ಜೋಳ ಚೀಲದಲ್ಲಿ ಇರುತ್ತದೆ, ಗಿರಣಿ ಹತ್ತಿರದಲ್ಲಿರಬೇಕು, ಬೀಸಿದ್ದು ಬೇಗ ಖರ್ಚಾಗಬೇಕು. ಮೈದಾದ ಹಾಗೆ ದೂರದ ಯಾವುದೋ ಕಾರ್ಖಾನೆಯಿಂದ ಬಂದು ಕಪಾಟಿನಲ್ಲಿ ಆರು ತಿಂಗಳು ಕೂರುವ ಹಿಟ್ಟಲ್ಲ ಇದು.

ಬಿಸಿ ರೊಟ್ಟಿಯ ಆಯುಷ್ಯವಂತೂ ಇನ್ನೂ ಕಡಿಮೆ. ಎಸರಿನಲ್ಲಿ ಕಲಸಿದ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಉಂಡೆ ಮಾಡಿ, ಒಣಹಿಟ್ಟು ಉದುರಿಸಿ, ಎರಡೂ ಕೈಯಿಂದ ಬಡಿಯುತ್ತಾರೆ. ಕೈ ಬಡಿದಂತೆ ರೊಟ್ಟಿ ತಾನೇ ಸುತ್ತುತ್ತದೆ. ಅಂಚು ದಪ್ಪವಾದರೆ ಬೇಯುವುದಿಲ್ಲ, ನಡು ತೆಳುವಾದರೆ ಎತ್ತುವಾಗ ಹರಿಯುತ್ತದೆ. ಕಾದ ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರುತ್ತಾರೆ. ಅಂಟಿಕೊಂಡ ಒಣಹಿಟ್ಟನ್ನು ಆ ನೀರು ನೆನೆಸುತ್ತದೆ, ಮಗ್ಗುಲು ಬದಲಿಸಿದಾಗ ಉಗಿಯಾಗಿ ರೊಟ್ಟಿಯನ್ನು ಉಬ್ಬಿಸಲೂ ನೆರವಾಗುತ್ತದೆ. ಉಬ್ಬಿದ ರೊಟ್ಟಿ ಮೇಲೆ ಹಾಳೆಯಷ್ಟು ತೆಳುವಾದ ಪದರು, ಕೆಳಗೆ ಮೆತ್ತನೆಯ ಪದರು ಎಂದು ಎರಡಾಗುತ್ತದೆ. ಈ ಎರಡು ಪದರುಗಳ ಸುಖ ಹಂಚಿನಿಂದ ಇಳಿದ ಕೆಲವೇ ನಿಮಿಷ ಇರುತ್ತದೆ. ಆಮೇಲೆ ಅದು ತೊಗಲು. ಒಲೆಯಿಂದ ತಾಟಿಗೆ ಹತ್ತು ಹೆಜ್ಜೆಗಿಂತ ದೂರವಿರುವ ಖಾನಾವಳಿಯಲ್ಲಿ ಒಳ್ಳೆಯ ಬಿಸಿ ರೊಟ್ಟಿ ಸಿಗುವುದು ಕಷ್ಟ.

ಕಡಕ ರೊಟ್ಟಿಯದು ಪೂರ್ತಿ ಬೇರೆ ಬದುಕು. ಇನ್ನಷ್ಟು ತೆಳುವಾಗಿ ಬಡಿದು, ತೇವ ಆರುವವರೆಗೆ ಒಲೆಯ ಕಾವಿಗೆ ಒರಗಿಸಿಟ್ಟರೆ ಅದು ವಾರಗಟ್ಟಲೆ ಕೆಡುವುದಿಲ್ಲ. ಧಾರವಾಡದಲ್ಲಿ ಓದುವ ಮಕ್ಕಳಿಗೆ ಹಳ್ಳಿಯಿಂದ ತಾಯಂದಿರು ಬಸ್ಸಿನಲ್ಲಿ ಕಳಿಸುತ್ತಿದ್ದ ಬುತ್ತಿಯ ಗಂಟಿನಲ್ಲಿ ಇರುತ್ತಿದ್ದುದು ಹೆಚ್ಚಾಗಿ ಇದೇ. ಬಸ್ ನಿಲ್ದಾಣದಲ್ಲಿ ಗಂಟುಗಳನ್ನು ಇಳಿಸಿಕೊಂಡು ವಿದ್ಯಾರ್ಥಿಗಳ ರೂಮಿಗೆ ಮುಟ್ಟಿಸುವುದೇ ಕೆಲವರ ಕಸುಬಾಗಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಓಣಿಗಳಿಗೆ ನುಗ್ಗಿದಾಗಲೂ, ಉತ್ತರ ಕರ್ನಾಟಕದ ನೆರೆ ಊರುಗಳಿಗೆ ಸುತ್ತಲಿನ ಹಳ್ಳಿಗಳಿಂದ ಹರಿದುಬಂದ ನೆರವಿನಲ್ಲಿ ರೊಟ್ಟಿ ಗಂಟುಗಳದೇ ದೊಡ್ಡ ಪಾಲು. ಜತೆಗೆ ಒಣ ಚಟ್ನಿಯ ಪೊಟ್ಟಣ ಇದ್ದರೆ ಒಲೆಯೇ ಬೇಡ.

ಸ್ಕಾಟ್ಲೆಂಡಿನವರಿಗೂ ಇಂಥದೊಂದು ಗಂಟು ಇತ್ತು. ಹದಿನಾಲ್ಕನೇ ಶತಮಾನದ ಫ್ರೆಂಚ್ ಬಖೈರುಕಾರ ಫ್ರುವಾಸಾರ್, ಸ್ಕಾಟ್ ಸೈನಿಕರು ಕುದುರೆಯ ಮೇಲೆ ಒಂದು ಚಪ್ಪಟೆ ಹಂಚನ್ನೂ ಒಂದು ಚೀಲ ಓಟ್ಸ್ ಹಿಟ್ಟನ್ನೂ ಕಟ್ಟಿಕೊಂಡು ದಂಡಿಗೆ ಹೋಗುತ್ತಿದ್ದರೆಂದು ಬರೆದಿದ್ದಾನೆ. ಇಳಿದಲ್ಲಿ ಬೆಂಕಿ ಹಾಕಿ, ಹಂಚು ಕಾಯಿಸಿ, ಬಿಲ್ಲೆ ಸುಟ್ಟುಕೊಂಡು ತಿನ್ನುವುದು. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೊರಟವರು ಇದನ್ನು ಓದಿದರೆ ಅಚ್ಚರಿಪಡುವುದಿಲ್ಲ. ಗುಡ್ಡದ ಬಯಲಿನಲ್ಲಿ ಮೂರು ಕಲ್ಲು ಹೂಡಿ, ಹೋಳಿಗೆ, ಕಡಬು, ವಡೆ, ಬದನೆಕಾಯಿ ಪಲ್ಯ ಮಾಡಿ, ಪರಡಿ ತುಂಬಿಸಿ, ಬಂದವರಿಗೂ ಬಡಿಸಿ ಉಣ್ಣುವ ಆ ಜನಸಾಗರದ ಎದುರು ಯಾವ ಹೋಟೆಲೂ ನಿಲ್ಲುವುದಿಲ್ಲ. ಪಯಣದಲ್ಲಿ ಊಟ ಎಂದರೆ ಈ ಸೀಮೆಗೆ ಮೊದಲು ಗೊತ್ತಿದ್ದುದು ಎರಡೇ: ಕಟ್ಟಿಕೊಂಡ ಬುತ್ತಿ, ಮಠದ ದಾಸೋಹ. ಅನ್ನವನ್ನು ಮಾರುವುದು ಎಂಬ ಕಲ್ಪನೆಯೇ ಬಹಳ ಕಾಲ ಮುಜುಗರದ್ದಾಗಿತ್ತು.

ಹಾಗಾದರೆ ಖಾನಾವಳಿ ಬಂದದ್ದು ಎಲ್ಲಿಂದ? ಪದ ಮರಾಠಿಯ ‘ಖಾಣಾವಳ’. 1956ರವರೆಗೆ ಬೆಳಗಾವಿ ಜಿಲ್ಲೆ ಇದ್ದುದು ಮುಂಬಯಿ ಪ್ರಾಂತ್ಯದಲ್ಲಿ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋದ ಗಂಡಸರಿಗೆ ಚಾಳುಗಳ ಹೆಂಗಸರು ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ಅವೇ ಅಲ್ಲಿನ ಖಾಣಾವಳಗಳು. ಬಡ್ಡಿ ಸಾಲದಲ್ಲಿ ಮುಳುಗಿದ್ದ ಆ ಹೆಂಗಸರನ್ನು 1975ರಲ್ಲಿ ಪ್ರೇಮಾ ಪುರವ್ ಎಂಬ ಹೋರಾಟಗಾರ್ತಿ ‘ಅನ್ನಪೂರ್ಣಾ ಮಹಿಳಾ ಮಂಡಳ’ದಡಿ ಸಂಘಟಿಸಿದರು. ನಮ್ಮಲ್ಲಿ ಗಿರಣಿಯ ಜಾಗದಲ್ಲಿ ಶಾಲೆ, ಕಚೇರಿ, ಅರಳೆ ಪೇಟೆ ಇದ್ದವು. 1860ರ ದಶಕದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಧಾರವಾಡ, ಬೆಳಗಾವಿ ಸೀಮೆಯ ಅರಳೆಗೆ ಒಮ್ಮೆಲೇ ಬೆಲೆ ಬಂತು. ಬೈಲಹೊಂಗಲದಂಥ ಪೇಟೆಗಳು ಬೆಳೆದದ್ದು ಹತ್ತಿಯ ಮೇಲೆಯೇ. ಅಂಡಿಗೆ ಇಳಿಸಿ ಹಣ ಎಣಿಸುವವರೆಗೆ ಪೇಟೆಯಲ್ಲಿ ನಿಲ್ಲಬೇಕಾದ ರೈತ ಎಲ್ಲೋ ಉಣ್ಣಲೇಬೇಕಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಿಗೆ ರೈಲು ಬರಲೇ ಇಲ್ಲ, ಇವತ್ತಿಗೂ ಇಲ್ಲ. ಎಲ್ಲ ಓಡಾಟ ಬಸ್ಸಿನದು. ಖಾನಾವಳಿಗಳು ಬಸ್ ನಿಲ್ದಾಣದ ಸುತ್ತಲೇ ಯಾಕಿವೆ ಎನ್ನುವುದಕ್ಕೆ ಕಾರಣ ಇಷ್ಟೇ.

ಓದುವ ಹುಡುಗರ ಕಥೆಯಲ್ಲಿ ಖಾನಾವಳಿಗೆ ಮಠಗಳು ಜತೆಗಾರರು. ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠದ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಹಳ್ಳಿಯ ಹುಡುಗರು ಸಾವಿರಾರು. ಅಲ್ಲಿ ಜಾಗ ಸಿಗದವರು, ನೌಕರಿ ಹತ್ತಿ ಇನ್ನೂ ಮದುವೆಯಾಗದವರು, ವರ್ಗವಾಗಿ ಬಂದ ಮಾಸ್ತರರು ಖಾನಾವಳಿಗೆ ಬರುತ್ತಿದ್ದರು. ತಿಂಗಳ ಮೊದಲ ವಾರ ಹಣ ಕಟ್ಟಿದರೆ ಎರಡು ಹೊತ್ತಿನ ಊಟ, ಕೈಬರಹದ ಒಂದು ವಹಿ, ಊರಿಗೆ ಹೋದ ದಿನಕ್ಕೆ ಕಡಿತ.

ಬೋರ್ಡಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಅದು ಅಪ್ರಾಮಾಣಿಕತೆ. ‘ಲಿಂಗಾಯತ ಖಾನಾವಳಿ’, ‘ಮರಾಠಾ ಖಾನಾವಳಿ’, ‘ಸಾವಜಿ ಖಾನಾವಳಿ’ ಎಂದು ಬರೆದಿರುವುದನ್ನು ಇಂದಿನ ಗಿರಾಕಿ ರುಚಿಯ ಸೂಚನೆಯಾಗಿ ಓದುತ್ತಾನೆ. ಮೊದಲನೆಯದು ಸಸ್ಯಾಹಾರ. ಸಾವಜಿ ಎಂದರೆ ನೇಕಾರಿಕೆಯ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಕೈಯ ಖಾರದ ಮಟನ್ನು, ಅದರ ಮೇಲೆ ತೇಲುವ ಕೆಂಪು ಎಣ್ಣೆ. ಆದರೆ ಒಂದು ಕಾಲಕ್ಕೆ ಈ ಬೋರ್ಡುಗಳು ಒಳಗೆ ಏನು ಸಿಗುತ್ತದೆ ಎನ್ನುವುದಕ್ಕಿಂತ ಯಾರು ಒಳಗೆ ಬರಬಹುದು ಎನ್ನುವುದನ್ನು ಹೇಳುತ್ತಿದ್ದವು. ಊಟದ ಮನೆಗಳಲ್ಲಿ ಅಸ್ಪೃಶ್ಯತೆ ಆಚರಿಸುವುದನ್ನು ಅಪರಾಧವೆಂದು ದೇಶವ್ಯಾಪಿ ಕಾನೂನು ಹೇಳಿದ್ದು 1955ರಲ್ಲಿ. ಕಾನೂನು ಬಂದ ಮರುದಿನವೇ ಪಂಕ್ತಿ ಒಂದಾಯಿತು ಎಂದು ಯಾರೂ ನಂಬಬೇಕಿಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ‘ರೊಟ್ಟಿ ಜಾತ್ರೆ’ ನಡೆಯುತ್ತದಲ್ಲ, ಎಲ್ಲ ಮನೆಗಳ ರೊಟ್ಟಿಯೂ ಒಂದೇ ರಾಶಿಯಾಗಿ, ಎಲ್ಲ ಜಾತಿಯವರೂ ಒಟ್ಟಿಗೆ ಕೂತು, ಕರಿಂಡಿ ಹಚ್ಚಿಕೊಂಡು ಉಣ್ಣುವ ಆ ಜಾತ್ರೆಯ ತೂಕ ತಿಳಿಯುವುದು ಈ ಹಳೆಯ ಬೋರ್ಡುಗಳನ್ನು ನೆನೆದಾಗಲೇ.

ಇನ್ನು ತಾಟಿನ ಮೇಲಿನ ಭೂಗೋಳ. ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ, ಮಳೆಕಾಡಿನ ಅಂಚಿನಲ್ಲಿ. ಅಲ್ಲಿ ಅನ್ನವೇ ಊಟ. ಕಿತ್ತೂರಿನ ಹೊತ್ತಿಗೆ ಭತ್ತವೂ ಉಂಟು, ಜೋಳವೂ ಉಂಟು. ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಡೆದು ನಿಂತು ರಾಮದುರ್ಗಕ್ಕೆ ಬರುವಷ್ಟರಲ್ಲಿ ಅದೇ ನದಿಯ ದಂಡೆಯಲ್ಲಿ ಮಳೆ ತೀರ ಕಡಿಮೆ, ಮಣ್ಣು ಕಪ್ಪು. ಈ ಎರೆ ಮಣ್ಣು ಮುಂಗಾರಿನ ನೀರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ ಆ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಬೆಳೆದು ಫೆಬ್ರವರಿಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ರೊಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ಎಲ್ಲರೂ ಬೊಟ್ಟು ಮಾಡುವ ‘ಮಾಲದಂಡಿ’ ತಳಿಯನ್ನು ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ಬೆಳೆಸಿದರು. ಎಂ 35-1 ಎಂದು ಅದಕ್ಕೆ ಸಂಖ್ಯೆ. ಎಷ್ಟೋ ಹೈಬ್ರಿಡ್ ತಳಿಗಳು ಬಂದು ಹೋದವು, ಖಾನಾವಳಿಯವರು ಸಂತೆಯಲ್ಲಿ ಕೇಳುವುದು ಮಾತ್ರ ಇಂದಿಗೂ ಮಾಲದಂಡಿಯನ್ನೇ.

ಎಣಗಾಯಿ ಇಡೀ ವರ್ಷ ಇರುತ್ತದೆ, ಅದು ಖಾನಾವಳಿಯ ಖಾಯಂ ನೌಕರ. ತಾಟಿನ ನಿಜವಾದ ಹೊಸತು ಇರುವುದು ಸುತ್ತಲಿನ ಸೊಪ್ಪುಗಳಲ್ಲಿ. ಮಳೆಗಾಲಕ್ಕೆ ಹುಳಿ ಹುಳಿ ಪುಂಡಿಪಲ್ಯ, ಜೋಳದ ನುಚ್ಚು ಹಾಕಿ ಕುದಿಸಿದ್ದು. ಚಳಿ ಶುರುವಾದರೆ ಹೊಲದ ಬದುವಿನಲ್ಲಿ ತಾನೇ ಎದ್ದ ಹಕ್ಕರಿಕೆ ಸೊಪ್ಪು, ಇದನ್ನು ಬೇಯಿಸಬಾರದು, ಹಸಿಯಾಗಿಯೇ ರೊಟ್ಟಿಯ ಜತೆ ಕಚ್ಚಬೇಕು. ಕಡಲೆ ಗಿಡ ಮೊಣಕಾಲು ಮುಟ್ಟುವ ಮೊದಲು ಅದರ ಕುಡಿ ಚಿವುಟಿ ಮಾಡಿದ ಕಡಲೆಪಲ್ಯ. ಕುಡಿ ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ, ಆದ್ದರಿಂದ ಪಲ್ಯ ತಿಂದವರು ರೈತನ ಕೆಲಸವನ್ನೂ ಮಾಡಿದಂತಾಯಿತು. ಕಡಲೆ ಎಲೆಯ ಮೇಲೆ ಬೆಳಗಿನ ಜಾವ ಕೂರುವ ಇಬ್ಬನಿ ಹುಳಿಯಾಗಿರುತ್ತದೆ. ಹಿಂದೆ ಬಿಳಿ ಅರಿವೆಯನ್ನು ಬೆಳೆಯ ಮೇಲೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಸೀಸೆಯಲ್ಲಿ ಕಾದಿಡುತ್ತಿದ್ದರು. ಹೊಟ್ಟೆನೋವಿಗೆ ಔಷಧ, ಸಾರಿಗೆ ರುಚಿ. ವಿದೇಶದ ಯಾವುದಾದರೂ ಹೋಟೆಲಿನವನಿಗೆ ಇದು ಗೊತ್ತಾದರೆ ಹನಿ ಲೆಕ್ಕದಲ್ಲಿ ಮಾರುತ್ತಿದ್ದ.

ಡಿಸೆಂಬರ್, ಜನವರಿ ಈ ಸೀಮೆಯ ಹೊಟ್ಟೆಗೆ ಅತಿ ಒಳ್ಳೆಯ ಕಾಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭೂಮಿಗೆ ಉಣಿಸಿದ ಮೇಲೆ ತಾವು ಉಣ್ಣುವ ಊಟದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭರ್ತಿ ಪಲ್ಯ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿದ ಸೀತನಿ, ಬೆಲ್ಲದ ಚೂರಿನ ಜತೆ. ಹಸಿ ಕಡಲೆಯ ಸುಲಗಾಯಿ. ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರೇಶ್ವರನ ಜಾತ್ರೆ ಹೊಸ್ತಿಲ ಹುಣ್ಣಿಮೆಯ ಸುಮಾರಿಗೆ ನಡೆಯುತ್ತದೆ, ಅಲ್ಲಿಂದ ಬರಿಗೈಲಿ ಮರಳುವವರಿಲ್ಲ, ಬಳೂಲಕಾಯಿಯ ಚೀಲ ಹೆಗಲಿಗಿರುತ್ತದೆ. ಇದರಲ್ಲಿ ಎಷ್ಟು ಖಾನಾವಳಿಯ ತಾಟಿಗೆ ಬರುತ್ತದೆ? ಅರ್ಧ ಎನ್ನಬಹುದು. ಸೀತನಿ ಹೊಲದಲ್ಲೇ ಉಳಿಯುತ್ತದೆ. ಸೋಮವಾರವೋ ಅಮಾವಾಸ್ಯೆಯೋ ಆದರೆ ಗೋಧಿ ಹುಗ್ಗಿ ಬರುತ್ತದೆ, ಹೋಳಿಗೆ ಮಾಡಿದ ದಿನ ಬೇಳೆ ಬಸಿದ ಕಟ್ಟಿನ ಸಾರು ಬರುತ್ತದೆ. ಹುಗ್ಗಿಗೆ ‘ಸದಕ’ ಎನ್ನುವ, ಖಪ್ಲಿ ಎಂದೂ ಹೆಸರಿರುವ ಹಳೆಯ ಗೋಧಿಯೇ ಆಗಬೇಕೆಂದು ಹಟ ಹಿಡಿಯುವವರು ಇನ್ನೂ ಇದ್ದಾರೆ. ಬೆಳಗಾವಿ ಈ ಗೋಧಿಯನ್ನು ಬಿಡದೆ ಬೆಳೆಯುತ್ತ ಬಂದ ಕೆಲವೇ ಜಿಲ್ಲೆಗಳಲ್ಲಿ ಒಂದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಗಿಡ್ಡ ತಳಿಗಳನ್ನೂ ಅಭಿವೃದ್ಧಿಪಡಿಸಿದೆ.

ಆದರೆ ಹೊಲ ಬದಲಾಗುತ್ತಿದೆ. ಕಾಲುವೆ ಮತ್ತು ಕೊಳವೆಬಾವಿಯ ನೀರು ತಲುಪಿದಲ್ಲೆಲ್ಲ ಕಬ್ಬು, ಗೋವಿನಜೋಳ ಬಂದಿವೆ. ರೊಟ್ಟಿ ತಿನ್ನುವ ರೈತನೇ ಜೋಳವನ್ನು ಅಂಗಡಿಯಿಂದ ತರುವ ಊರುಗಳಿವೆ. ಕಬ್ಬಿಗೆ ಕಾರ್ಖಾನೆಯ ಲಾರಿ ಹೊಲದ ತನಕ ಬರುತ್ತದೆ. ಜೋಳಕ್ಕೆ ಹಕ್ಕಿ ಕಾಯಬೇಕು, ಕೈಯಿಂದ ಕಿತ್ತು, ಗೂಡು ಹಾಕಿ, ಒಕ್ಕಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದಾಗ ಜೋಳವೂ ಆ ಪಟ್ಟಿಯಲ್ಲಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಜೋಳದ ಬಿಸ್ಕತ್ತು, ಜೋಳದ ಪಾಸ್ತಾ ಬಂದವು. ಬರಲಿ, ತಪ್ಪಿಲ್ಲ. ಜೋಳಕ್ಕೆ ಅದಕ್ಕಿಂತ ಹಳೆಯ ಮತ್ತು ಹೆಚ್ಚು ರುಚಿಯ ರೂಪವೊಂದು ಹಂಚಿನ ಮೇಲೆ ದಿನವೂ ಉಬ್ಬುತ್ತಿದೆ ಎಂಬುದು ಆ ಸಂಭ್ರಮದಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಕೈಗಳದು. ಖಾನಾವಳಿಯ ಬೋರ್ಡಿನ ಮೇಲೆ ದೇವರ ಹೆಸರಿರುತ್ತದೆ, ಕೆಳಗೆ ಮಾಲೀಕನ ಹೆಸರಿರುತ್ತದೆ. ರೊಟ್ಟಿ ಬಡಿಯುವವಳ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಗಿರಾಕಿಗೆ ಅವಳು ಕಾಣುವುದೂ ಇಲ್ಲ, ಪಟಪಟ ಸದ್ದು ಮಾತ್ರ ಕೇಳುತ್ತದೆ. ಒಲೆಯ ಎದುರು ನೆಲಕ್ಕೆ ಕೂತು, ಕುದಿ ಎಸರಿನ ಹಿಟ್ಟಿಗೆ ಬರಿಗೈ ಇಟ್ಟು, ಮಧ್ಯಾಹ್ನದ ಎರಡು ಮೂರು ಗಂಟೆ ಎಡೆಬಿಡದೆ ಬಡಿಯುವ ಈ ಕೆಲಸ ಕಲಿಯಲು ವರ್ಷಗಳು ಬೇಕು. ಸೊಂಟ, ಮೊಣಕಾಲು, ಕಣ್ಣು ಅದರ ಬೆಲೆ ತೆರುತ್ತವೆ. ಅವ್ವನ ಜತೆ ಕೂತು ಕಲಿತವರ ಪೈಕಿ ತಮ್ಮ ಮಗಳೂ ಇದೇ ಮಾಡಲಿ ಎನ್ನುವವರು ವಿರಳ. ಅದರಲ್ಲಿ ಯಾವ ತಪ್ಪೂ ಇಲ್ಲ.

ಈಗ ರೊಟ್ಟಿ ಯಂತ್ರಗಳು ಬಂದಿವೆ. ಸ್ವಸಹಾಯ ಸಂಘಗಳ ಹೆಂಗಸರು ಯಂತ್ರದಿಂದಲೂ ಕೈಯಿಂದಲೂ ಕಡಕ ರೊಟ್ಟಿ ಮಾಡಿ, ಎಣಿಸಿ ಕಟ್ಟಿ, ಬೆಂಗಳೂರು ಪುಣೆಗೆ ಕಳಿಸುತ್ತಾರೆ. ಅಲ್ಲಿ ಲೆಕ್ಕ ಅವರದು, ಹೆಸರೂ ಅವರದು. ಕಡಕ ರೊಟ್ಟಿಯಲ್ಲಿ ಯಂತ್ರದ್ದಕ್ಕೂ ಕೈಯದ್ದಕ್ಕೂ ವ್ಯತ್ಯಾಸ ಹೇಳುವುದು ನಾಲಗೆ ಚುರುಕಾಗಿದ್ದವರಿಗೂ ಸುಲಭವಲ್ಲ. ಬಿಸಿ ರೊಟ್ಟಿಯಲ್ಲಿ ಮಾತ್ರ ಯಂತ್ರ ಇನ್ನೂ ಸೋಲುತ್ತಿದೆ, ಒಂದೇ ದಪ್ಪಕ್ಕೆ ಒತ್ತಿದ ರೊಟ್ಟಿಗೆ ಆ ಎರಡು ಪದರು ಸರಿಯಾಗಿ ಏಳುವುದಿಲ್ಲ. ಮಹಾನಗರಗಳ ‘ಉತ್ತರ ಕರ್ನಾಟಕ ಶೈಲಿ’ಯ ಹೋಟೆಲುಗಳಲ್ಲಿ ಎಣಗಾಯಿಯ ಮಗ್ಗುಲಿಗೆ ಪನೀರ್ ಬಂದು ಕೂತಿರುವುದನ್ನು ಕ್ಷಮಿಸಬಹುದು. ಅರ್ಧ ಗಂಟೆ ಹಿಂದೆ ಬೇಯಿಸಿ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟಿದ್ದನ್ನು ಬಿಸಿ ರೊಟ್ಟಿ ಎಂದು ಬಡಿಸುವುದನ್ನು ಕ್ಷಮಿಸುವುದು ಕಷ್ಟ.

ಹೊಸಬರು ಹೋಗುವುದಾದರೆ ಒಂದೂವರೆಯೊಳಗೆ ಹೋಗುವುದು ಲೇಸು. ಬಡಿಸುವವರು ‘ಅಣ್ಣಾರ, ಇನ್ನೊಂದು ಹಾಕ್ಲ್ಯಾ?’ ಎಂದು ಕೇಳುತ್ತಲೇ ಹಾಕಿರುತ್ತಾರೆ, ಬೇಡ ಎನ್ನುವವರು ತಾಟಿನ ಮೇಲೆ ಕೈ ಅಡ್ಡ ಹಿಡಿಯುವುದನ್ನು ಮೊದಲೇ ಅಭ್ಯಾಸ ಮಾಡಿಕೊಂಡಿರಬೇಕು. ಮೂರು ಗಂಟೆಯ ಹೊತ್ತಿಗೆ ಕೊನೆಯ ಗಿರಾಕಿ ಎದ್ದು, ಬಾಕುಗಳನ್ನು ಒರೆಸಿ ಆದ ಮೇಲೆ ಒಳಗಿನ ಒಲೆ ಇನ್ನೂ ಆರಿರುವುದಿಲ್ಲ. ಉಳಿದ ಹಿಟ್ಟಿನಿಂದ ದಪ್ಪಗೆ ಒಂದು ರೊಟ್ಟಿ ಬಡಿದು, ಬಿಸಿ ಇರುವಾಗಲೇ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ, ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡುತ್ತಾರೆ. ಅದು ಮುಟಗಿ. ಬೆಳಗಿನಿಂದ ಬಡಿದವರು ಉಣ್ಣುವುದು ಅದನ್ನು. ಬೋರ್ಡಿನಲ್ಲಿ ಅದರ ಹೆಸರಿಲ್ಲ, ಅದಕ್ಕೊಂದು ದರವೂ ಇಲ್ಲ. ಹೊರಟು ನಿಂತವರು ಅಡುಗೆಮನೆಯ ಬಾಗಿಲಿಗೆ ಇಣುಕಿ ‘ಯಕ್ಕಾ, ಮುಟಗಿ ಐತೇನ?’ ಎಂದು ಕೇಳಿದರೆ, ಕೆಲವೊಮ್ಮೆ ಅರ್ಧ ಮುರಿದು ಕೊಡುತ್ತಾರೆ.